ಫಕೀರವ್ವನ ಕೂಗು

ಬೆಳಗಾವಿಯ ಹೌದಬಾಗವೆಂಬ ಹಳೆಯ ತೋಟದ ಸುತ್ತಲಿನ ಓಣಿಗಳ ಜನಕ್ಕೆ ಒಂದು ಕಾಲದಲ್ಲಿ ಗಡಿಯಾರ ಇಲ್ಲದಿದ್ದರೂ ನಡೆಯುತ್ತಿತ್ತು. ಹೊತ್ತು ಇಳಿಯತೊಡಗಿದಾಗ ಬಾಗದ ಹಿಂದಿನ ಮೂಲೆಯಿಂದ ಒಂದು ಹೆಣ್ಣುದನಿ ಏಳುತ್ತಿತ್ತು. "ಓ... ಬಾ ಬಾ ಬಾ... ಬಾರ ನನ ಯವ್ವಾ ಬಾ..." ಎಂದು ಉದ್ದಕ್ಕೆ ಎಳೆದ ಕೂಗು. ಅದು ಕೇಳಿತೆಂದರೆ ಮನೆಮನೆಯಲ್ಲೂ ಚಹಾಕ್ಕೆ ನೀರಿಡುತ್ತಿದ್ದರು. ಸಾಲೆಯಿಂದ ಬಂದ ಮಕ್ಕಳು ಪಾಟೀಚೀಲವನ್ನು ಮೂಲೆಗೆ ಒಗೆದು ಚಿಗರಿ ನೋಡಲು ಓಡುತ್ತಿದ್ದವು. ತಂತಿ ಜಾಳಿಗೆಯ ಆಚೆ, ಮೈತುಂಬ ಚುಕ್ಕೆ ಹೊತ್ತ ಚಿಗರಿಗಳ ಹಿಂಡು ಹುಣಸೇಮರದ ನೆರಳಿನಿಂದ ಎದ್ದು, ಕಿವಿ ನಿಮಿರಿಸಿ, ಕೂಗಿದವಳ ಕಡೆಗೆ ಹರಿದು ಬರುತ್ತಿತ್ತು.

ಕೂಗುತ್ತಿದ್ದವಳು ಫಕೀರವ್ವ. ತಲೆಯ ಮೇಲೆ ಸೆರಗು, ಸೊಂಟಕ್ಕೆ ಸಿಕ್ಕಿಸಿದ ಕುಡುಗೋಲು, ಕಂಕುಳಲ್ಲಿ ಹೊಟ್ಟು-ಹಿಂಡಿಯ ಬುಟ್ಟಿ. ಊರವರಿಗೆ ಅವಳ ಹೆಸರು ಗೊತ್ತಿರಲಿಲ್ಲ, ಚಿಗರಿ ಆಯಿ ಎನ್ನುತ್ತಿದ್ದರು. ಹೆಸರು ಗೊತ್ತಿಲ್ಲದವರನ್ನು ಕೆಲಸದಿಂದ ಗುರುತಿಸುವುದು ಪೇಟೆಯ ಪದ್ಧತಿ. ಅದರಲ್ಲಿ ಅವಮಾನವೂ ಇಲ್ಲ, ಅಂಥಾ ದೊಡ್ಡ ಪ್ರೀತಿಯೂ ಇಲ್ಲ.

ಅವಳು ಖಾನಾಪುರ ತಾಲೂಕಿನ ಪಾರಿಶ್ವಾಡದ ಕುರುಬರ ಮನೆಯ ಮಗಳು. ಅಪ್ಪ ಸಿದ್ದಪ್ಪನ ಬೆನ್ನ ಹಿಂದೆ, ಕುರಿಗಳ ಧೂಳು ಕುಡಿದೇ ಬೆಳೆದವಳು. ಸಾಲೆಯ ಅಕ್ಷರ ಅವಳಿಗೆ ಹತ್ತಲಿಲ್ಲ, ಆದರೆ ಅಪ್ಪನ ಕೂಗುಗಳೆಲ್ಲ ಹತ್ತಿದವು. ಕುರಿಗಳನ್ನು ಹತ್ತಿರ ಕರೆಯುವ ಕೂಗು ಬೇರೆ, ಹಳ್ಳಕ್ಕೆ ನೀರಿಗೆ ಇಳಿಸುವ ಕೂಗು ಬೇರೆ. ಪರರ ಜೋಳದ ಹೊಲಕ್ಕೆ ಬಾಯಿ ಹಾಕಹೊರಟ ಹಿಂಡನ್ನು ಹಿಂದಕ್ಕೆ ತಿರುಗಿಸುವ ಕೂಗು ಮತ್ತೂ ಬೇರೆ. "ಹೈಯಾ... ಹೈ... ಹಿಂದ ಸರಿ..." ಎಂದು ಗಂಟಲಿನ ಆಳದಿಂದ ಬರುವ ಆ ಕೂಗಿಗೆ ಮುಂದಿಟ್ಟ ಕಾಲನ್ನು ಹಿಂದೆಗೆಯದ ಕುರಿ ಇರಲಿಲ್ಲ.

ಕೂಗು ಕಲಿಸುವಾಗ ಸಿದ್ದಪ್ಪ ಒಂದು ಮಾತು ಹೇಳಿದ್ದ. "ಬರಿಗೈಲೆ ಕರೀಬ್ಯಾಡ ಮಗಳ. ಮನಶ್ಯಾಗ ಸುಳ್ಳ ಹೇಳಿದ್ರ ಅಂವ ತಿರುಗಿ ಬೈತಾನ. ಮೂಕ ಜೀವ ಏನ್ ಮಾಡತೈತಿ? ಬರತೈತಿ, ಅಷ್ಟ."

ಮದುವೆಯಾಗಿ ಬಂದದ್ದು ನಾಗಲಿಂಗನ ಕೈಹಿಡಿದು. ಅವನು ಹೌದಬಾಗದ ಕಾವಲುಗಾರ. ನಟ್ಟನಡುವೆ ಕಲ್ಲಿನ ಹೌದು, ಅಂದರೆ ನೀರಿನ ತೊಟ್ಟಿ, ಇರುವುದಕ್ಕೇ ಆ ಬಾಗಕ್ಕೆ ಆ ಹೆಸರು. ಬ್ರಿಟಿಷರ ಕಾಲದ್ದು, ಕಬ್ಬಿಣದ ಕಮಾನು, ಕಲ್ಲಿನ ಬೆಂಚು, ಯಾವನೋ ಸಾಹೇಬನ ಹೆಂಡತಿ ನೆಟ್ಟಳೆಂದು ಹೇಳುವ ಮರ, ಎಲ್ಲ ಇದ್ದವು. ಹಿಂದಿನ ಗೇಟಿನ ಹತ್ತಿರ ಕಾವಲುಗಾರನಿಗೆಂದು ಎರಡು ಕೋಣೆ. ಅಲ್ಲೇ ಫಕೀರವ್ವನ ಸಂಸಾರ, ಅಲ್ಲೇ ಮಗ ಸಂಜಯ ಹುಟ್ಟಿದ್ದು. ಚಿಗರಿಗಳನ್ನು ನೋಡಿಕೊಳ್ಳುವುದೂ ನಾಗಲಿಂಗನ ಪಾಲಿಗೇ ಬಂದಿತ್ತು. ಅವನು ಬುಟ್ಟಿ ಒಳಗೆ ಸುರಿದು ಬರುವ ಆಸಾಮಿ. ಹೆಂಡತಿ ಒಂದು ಸಂಜೆ ನಗುನಗುತ್ತ ಅಪ್ಪನ ಕೂಗು ಹಾಕಿದಳು. ಚಿಗರಿಗಳು ತಲೆ ಎತ್ತಿದವು. ಸ್ವಲ್ಪ ದಿನಕ್ಕೆ ಬರತೊಡಗಿದವು. ಅವನು ಎದೆನೋವಿನಿಂದ ತೀರಿಕೊಂಡ ಮೇಲೆ ಬುಟ್ಟಿ ಅವಳ ಕಂಕುಳಿಗೆ ಬಂತು, ಕೆಲಸವೂ ಬಂತು. ಚಿಗರಿಗಳಿಗೆ ಕರೆಯುವ ಕೂಗೊಂದೇ ಸಾಕಾಗಿತ್ತು. ತಿರುಗಿಸುವ ಕೂಗನ್ನು ಅವಳು ಅಲ್ಲಿ ಒಮ್ಮೆಯೂ ಹಾಕಲಿಲ್ಲ. ಬಾಗದಲ್ಲಿ ಯಾರ ಜೋಳದ ಹೊಲವಿತ್ತು?

ಹಿಂಡಿನಲ್ಲಿ ಒಂದು ಕುಂಟು ಹೆಣ್ಣುಚಿಗರಿ. ಮರಿಯಿದ್ದಾಗ ಬೀದಿನಾಯಿಯೊಂದು ಜಾಳಿಗೆಯ ಕೆಳಗಿನಿಂದ ನುಸುಳಿ ಹಿಂಗಾಲು ಹಿಡಿದಿತ್ತು. ಫಕೀರವ್ವ ಅರಿಸಿನ ಮೆತ್ತಿ, ಬಿದಿರಿನ ದಬ್ಬೆ ಕಟ್ಟಿ ಬದುಕಿಸಿದಳು, ಕಾಲು ಮಾತ್ರ ಸೊಟ್ಟಗೇ ಕೂಡಿತು. ಎಲ್ಲವೂ ತಿಂದು ಬಾಯಿ ಒರೆಸಿಕೊಳ್ಳುವ ಹೊತ್ತಿಗೆ ಇದು ಬರುತ್ತಿತ್ತು. ಅದಕ್ಕೇ ಅವಳು ಅದನ್ನು ಸಾವಕಾಶಿ ಎಂದು ಕರೆದಳು. ಅದರ ಪಾಲಿನ ಹಿಂಡಿಯನ್ನು ಸೆರಗಿನಲ್ಲಿ ಕಟ್ಟಿಟ್ಟುಕೊಂಡು ಕಾಯುತ್ತಿದ್ದಳು. "ಬಂದಿ? ಇನ್ನೂ ಸ್ವಲ್ಪ ತಡಾ ಮಾಡಿ ಬರಬೇಕಿತ್ತು, ಮಾರಾಣಿ" ಎಂದು ಬೈಯುತ್ತ ತಿನ್ನಿಸುತ್ತಿದ್ದಳು.

ಮಗನಿಗೆ ಇದೆಲ್ಲ ಸೇರುತ್ತಿರಲಿಲ್ಲ. ಸಂಜಯ ಮಚ್ಛೆಯ ಕಾರಖಾನೆಯೊಂದರಲ್ಲಿ ಲೇಥ್ ಮಶೀನಿನ ಮೇಲೆ ನಿಂತ, ಅಲ್ಲೇ ಬಾಡಿಗೆ ಮನೆ ಹಿಡಿದ, ವಡಗಾವಿಯ ನೇಕಾರರ ಮನೆಯ ಶೀತಲಳನ್ನು ಮದುವೆಯಾದ. ಬೀಗರು ಕೆಟ್ಟವರಲ್ಲ. ಆದರೆ ಮಗ್ಗದ ಮೇಲೆ ರೇಷ್ಮೆ ಎಳೆಯುವ ಕೈಗಳಿಗೆ ಚಿಗರಿ ಹಿಕ್ಕೆ ಬಳಿಯುವ ಕೈ ಸ್ವಲ್ಪ ಒರಟೇ ಕಾಣುತ್ತದೆ. ಬೀಗತಿ ಪದ್ಮವ್ವ ಒಮ್ಮೆ ನಾಲ್ಕು ಜನರ ಮುಂದೆ, "ನಮ್ಮ ಬೀಗತಿಗಿ ಮನಿಗಿಂತಾ ಕೊಟಗಿ ಚಲೋ ಅನಸ್ತೈತಿ" ಎಂದು ನಕ್ಕಿದ್ದಳು. ಮೊಮ್ಮಗಳು ಪೂನಮ ಹುಟ್ಟಿದ ಮೇಲೆ ಸಂಜಯ ಬಂದಾಗಲೆಲ್ಲ ಅದೇ ರಾಗ ಎಳೆಯುತ್ತಿದ್ದ: "ಬಿಟ್ಟ ಬಾ ಅವ್ವಾ. ಕೂಸನ್ನ ಆಡಿಸ್ಕೋತ ಕುಂದ್ರು." ಫಕೀರವ್ವನೂ ಅದೇ ತಾಳ ಹಾಕುತ್ತಿದ್ದಳು: "ಇವಕ್ಕ ಯಾರ ಅದಾರಪಾ?"

ಎರಡು ಸಾವಿರದ ಇಸವಿಗೆ ಹೌದಬಾಗಕ್ಕೆ ನೂರು ವರ್ಷ ತುಂಬಿತು. ಬೆಳಗಿನ ಹೊತ್ತು ಬಾಗದಲ್ಲಿ ಕೈಬೀಸಿ ನಡೆಯುವ ದೊಡ್ಡ ಮಂದಿಯೆಲ್ಲ ಕೂಡಿ ಶತಮಾನೋತ್ಸವ ಸಮಿತಿ ಮಾಡಿಕೊಂಡರು. ಅಧ್ಯಕ್ಷರು ಅರಿವೆ ಅಂಗಡಿಯ ಗುರುಪುತ್ರಪ್ಪನವರು. ಹಣೆತುಂಬ ವಿಭೂತಿ, ಬಾಯಿತುಂಬ ನಗೆ, ಯಾರಿಗೂ ಕೇಡು ಬಯಸದ ಮನುಷ್ಯ. ಕೇಡು ಬಯಸದವರಿಂದಲೂ ಕೇಡು ಆಗುತ್ತದೆ, ಅದು ಅವರ ತಪ್ಪೆಂದು ಹೇಳಲಿಕ್ಕೂ ನಾಲಿಗೆ ಏಳುವುದಿಲ್ಲ. ಕಮಾನಿಗೆ ಬಣ್ಣ, ಹೌದಿಗೆ ಹೊಸ ಕಾರಂಜಿ, ಚಿಗರಿಗಳ ಆವರಣ ತೆಗೆದು ಅಲ್ಲಿ ಮಕ್ಕಳ ಜೋಕಾಲಿ ಎಂದು ನಿಶ್ಚಯವಾಯಿತು. ಇಷ್ಟು ಇಕ್ಕಟ್ಟಿನಲ್ಲಿ ಕಾಡುಪ್ರಾಣಿ ಇಡಬಾರದೆಂದು ಮೇಲಿನಿಂದ ಹುಕುಂ ಕೂಡ ಬಂದಿತ್ತು. ಖಾನಾಪುರದ ಅಡವಿಗೆ ಒಯ್ದು ಬಿಡುವುದಂತೆ. ಕೇಳಿದರೆ ಒಳ್ಳೆಯ ಮಾತೇ.

ಗಣಪತಿ ಕಳಿಸಿದ ಮೇಲೆ ಒಂದು ಮುಂಜಾನೆ ಲಾರಿ ಬಂತು. ಬಂದವರು ಬಲೆ ಹಿಡಿದು ಚಿಗರಿಗಳನ್ನು ಮೂಲೆಗೆ ಅಟ್ಟಿದರು. ಅವು ಹುಚ್ಚೆದ್ದು ಜಾಳಿಗೆಗೆ ಹಾಯತೊಡಗಿದವು. ಒಂದರ ಕೋಡು ಮುರಿದು ರಕ್ತ ಸುರಿಯಿತು. ಫಕೀರವ್ವ ಬುಟ್ಟಿ ಹಿಡಿದುಕೊಂಡು ನಿಂತಿದ್ದಳು. ಅಂದು ರಜೆ ಹಾಕಿ ಬಂದಿದ್ದ ಸಂಜಯನೇ ಹತ್ತಿರ ಬಂದು, "ಅವ್ವಾ, ಇವು ಹಿಂಗ ಹಾಯ್ದ ಹಾಯ್ದ ಸಾಯ್ತಾವ. ನೀ ಕರೀ. ನೀ ಕರದ್ರ ಸುಮ್ಮನ ಹತ್ತತಾವ" ಎಂದ.

ಅವಳು ಕರೆದಳು. ಕೈಯಲ್ಲಿ ಹಿಂಡಿಯ ಬುಟ್ಟಿ ಇತ್ತು, ಬರಿಗೈ ಅಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಲಾರಿಯೊಳಗೆ ನಿಂತು "ಓ... ಬಾ ಬಾ ಬಾ..." ಎಂದಳು. ಚಿಗರಿಗಳು ನಡುಗುತ್ತ ಹಲಗೆ ಹತ್ತಿ ಒಂದೊಂದಾಗಿ ಅವಳ ಮೈಗೆ ಮೈ ತಾಗಿಸಿ ನಿಂತವು. ಅವಳು ಬುಟ್ಟಿ ಅಲ್ಲೇ ಇಟ್ಟು ಪಕ್ಕದ ಕಿರುಬಾಗಿಲಿನಿಂದ ಇಳಿದಳು. ಹಿಂದೆ ದೊಡ್ಡ ಬಾಗಿಲು ಧಡಕ್ಕನೆ ಮುಚ್ಚಿತು.

"ಎಲ್ಲಾ ಬಂದ್ವೇನವಾ?" ಎಂದು ಕೇಳಿದ ಒಬ್ಬ.

ಫಕೀರವ್ವ ಹೊರಳಿ ನೋಡಿದಳು. ಹುಣಸೇಮರದ ಹಿಂದಿನಿಂದ, ಸೊಟ್ಟ ಕಾಲು ಎಳೆಯುತ್ತ, ಯಾವಾಗಿನಂತೆ ಎಲ್ಲರಿಗಿಂತ ತಡವಾಗಿ ಸಾವಕಾಶಿ ಬರುತ್ತಿತ್ತು. ಅವಳು ಕೇಳಿದವನ ಕಣ್ಣಿಗೆ ಅಡ್ಡವಾಗಿ ನಿಂತಳು.

"ಬಂದ್ವರಿ. ಎಲ್ಲಾ ಬಂದ್ವು."

ಜೀವಮಾನದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಎಂದೇನೂ ಹೇಳುವುದಿಲ್ಲ. ಗಂಡನ ಮುಂದೆ, ಅತ್ತೆಯ ಮುಂದೆ ಸಣ್ಣಪುಟ್ಟ ಸುಳ್ಳು ಹೇಳದೆ ಯಾವ ಹೆಂಗಸು ಸಂಸಾರ ಮಾಡಿದ್ದಾಳೆ? ಆದರೆ ಈ ಸುಳ್ಳು ಎಲ್ಲಿಂದ ಬಂತೆಂದು ಅವಳಿಗೇ ತಿಳಿಯಲಿಲ್ಲ. ಲಾರಿ ಹೋದ ಮೇಲೆ ಸಾವಕಾಶಿ ಬಂದು, ಖಾಲಿ ಆವರಣದಲ್ಲಿ ಅವಳ ಸೆರಗನ್ನು ಮೂಗಿನಿಂದ ನೂಕಿತು. ಸೆರಗಿನ ಗಂಟಿನಲ್ಲಿ ಹಿಂಡಿ ಇದ್ದೇ ಇತ್ತು.

ಬಿಟ್ಟ ಜಾಗ ನೋಡಿ ಬರಬೇಕೆಂದು ಒಂದು ದಿನ ಇನ್ನೊಂದು ಬುಟ್ಟಿಗೆ ಹಿಂಡಿ ತುಂಬಿಕೊಂಡು ಬಸ್ಸು ಹತ್ತಿ ಖಾನಾಪುರಕ್ಕೆ ಹೋದಳು. ತವರಿನ ತಾಲೂಕು, ಹೊಸದೇನಲ್ಲ. ಮಲಪ್ರಭೆಯ ಸೇತುವೆ ದಾಟಿ, ಕೇಳುತ್ತ ಕೇಳುತ್ತ ಅಡವಿಯ ಅಂಚು ಮುಟ್ಟಿದಳು. ಬುಟ್ಟಿ ಇಳಿಸಿ ಕೂಗು ಹಾಕಿದಳು. ಹಕ್ಕಿಗಳೆದ್ದು ಹೋದವು. ಮತ್ತೆ ಕೂಗಿದಳು. ಗಂಟಲು ಬಿರಿಯುವವರೆಗೆ ಕೂಗಿದಳು. ಕೊನೆಗೆ ಬಂದವನು ಒಬ್ಬ ಕಾವಲಿನ ಮುದುಕ. ಮರಾಠಿ ಬೆರೆತ ಕನ್ನಡದಲ್ಲಿ, "ಕಾಯ ಝಾಲಂ, ಏನಾತ ಆಯಿ? ಯಾರನ್ನ ಕರೀತಿ?" ಎಂದು ಕೇಳಿದ. ಅವಳು ಹೇಳಿದಳು. ಮುದುಕ ಕೈ ಅಡ್ಡ ಹಿಡಿದ.

"ಬ್ಯಾಡ ಆಯಿ, ಕರೀಬ್ಯಾಡ. ಲಾರಿ ಬಾಗಲಾ ತೆಗದಾಗ ಭಾಳ ಜೀವ ಹೋಗಿದ್ವು. ಯಾರೂ ಬಡದಿದ್ದಿಲ್ಲ ಹೊಡದಿದ್ದಿಲ್ಲ. ಅಂಜಿಕಿಗೇ ಎದಿ ಒಡದಿತ್ತು. ಜೀವ ಇದ್ದ ಎರಡ ಮೂರ ಅಡವಿ ಹೊಕ್ವು. ಅವೂ ಉಳದಾವೋ ಇಲ್ಲೋ, ಖರೇ ಅಂದ್ರ ಗೊತ್ತಿಲ್ಲ."

ಫಕೀರವ್ವ ಅಲ್ಲಿಯೇ ಮಣ್ಣಿನಲ್ಲಿ ಕುಳಿತು ಅತ್ತಳು. ಗಂಡ ಸತ್ತಾಗ ನಾಲ್ಕು ಜನ ಹಿಡಿದುಕೊಂಡಿದ್ದರು, ಇಲ್ಲಿ ಹಿಡಿಯುವವರೂ ಇರಲಿಲ್ಲ. ಬಲೆ ಹಿಡಿದವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಬಲೆಗೆ ಅವು ಬಂದಿರಲಿಲ್ಲವಲ್ಲ, ತನ್ನ ಕೂಗಿಗೆ ಬಂದಿದ್ದವು. ಹಿಂಡಿಯನ್ನು ಅಡವಿಯ ಅಂಚಿಗೇ ಸುರಿದು, ಬರಿಯ ಬುಟ್ಟಿ ಹೊತ್ತು ತಿರುಗಿ ಬಂದಳು.

ಅಂದಿನಿಂದ ಅವಳಿಗೆ ಒಂದೇ ಕೆಲಸ, ಸಾವಕಾಶಿಯನ್ನು ಮಂದಿಯ ಕಣ್ಣಿನಿಂದ ಕಾಯುವುದು. ಬಾಗದ ಹಿಂದಿನ ಮೂಲೆಯಲ್ಲಿ ಹಳೆಯ ಬಿದಿರಿನ ಮೆಳೆ, ಅದರೊಳಗೆ ಮುರಿದುಬಿದ್ದ ಪಂಪಿನ ಮನೆ. ಹಾವಿನ ಅಂಜಿಕೆಗೆ ಅತ್ತ ಯಾರೂ ಹಾಯುತ್ತಿರಲಿಲ್ಲ. ಚಿಗರಿಯನ್ನು ಅಲ್ಲಿ ಬಿಟ್ಟಳು. ವಿಷಯ ಗೊತ್ತಿದ್ದದ್ದು ಮಾಲಿ ಗುರುಸಿದ್ದನಿಗೆ ಒಬ್ಬನಿಗೇ. ಅವನು ಗಿಡಗಳ ಜೊತೆ ಮಾತಾಡಿ ಮಾತಾಡಿ ಮನುಷ್ಯರ ಜೊತೆ ಮಾತಾಡುವುದನ್ನೇ ಬಿಟ್ಟಿದ್ದವನು. ಒಂದು ಪೆಂಡಿ ಹುಲ್ಲು ಕೊಯ್ದು ಮೆಳೆಯ ಬಾಯಿಗಿಟ್ಟು, ಏನೂ ಕೇಳದೆ ಹೋಗಿಬಿಡುತ್ತಿದ್ದ. ಫಕೀರವ್ವ ಈಗ ಕೂಗು ಹಾಕುತ್ತಿರಲಿಲ್ಲ. ಸಂಜೆಗೆ ಮೆಳೆಯೊಳಗೆ ಬಗ್ಗಿ ನುಸುಳಿ, ಕಿವಿಯ ಹತ್ತಿರ ಪಿಸುಗುಟ್ಟುತ್ತಿದ್ದಳು. ಓಣಿಯವರು, "ಚಿಗರಿ ಹೋದ್ವು, ಕೂಗೂ ಹೋತು" ಎಂದು ಎರಡು ದಿನ ಮರುಗಿ ಗಡಿಯಾರ ನೋಡಿ ಚಹಾಕ್ಕಿಟ್ಟರು.

ಇತ್ತ ಸಂಜಯ ಬಂದ. "ಇನ್ನ ಇಲ್ಲೇನೈತಿ ಅವ್ವಾ? ಹೋಗೂಣು ನಡಿ" ಎಂದ. ಈಗ ತಾಯಿಗೆ ಹೇಳಲು ಕಾರಣವೇ ಇಲ್ಲವೆಂದು ಅವನು ರಿಕ್ಷಾ ಕೂಡ ತಂದಿದ್ದ. ಶೀತಲ ಮಚ್ಛೆಯ ಮನೆಯಲ್ಲಿ ಅತ್ತೆಗೆಂದು ಕೋಣೆ ಸಾರಿಸಿ, ಹೊಸ ಕೌದಿ ಹಾಸಿಟ್ಟಿದ್ದಳಂತೆ.

ಹೇಳಿಬಿಡಬೇಕೆಂದು ಫಕೀರವ್ವನ ತುಟಿಯವರೆಗೂ ಮಾತು ಬಂತು. ಆದರೆ ಮಗನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವೆಂದು ಹೆತ್ತವಳಿಗೆ ಗೊತ್ತಿಲ್ಲವೇ? ಹೆಂಡತಿಗೆ ಹೇಳುತ್ತಾನೆ, ಹೆಂಡತಿ ವಡಗಾವಿಗೆ ಹೇಳುತ್ತಾಳೆ, ಆಮೇಲೆ ಮತ್ತೆ ಲಾರಿ ಬರುತ್ತದೆ. ಕಾಡುಪ್ರಾಣಿ ಮುಚ್ಚಿಟ್ಟದ್ದಕ್ಕೆ ಮಗನ ನೌಕರಿಗೂ ಕುತ್ತು ಬಂದರೆ? ಅವಳು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, "ನೋಡೂಣಪಾ... ಸಧ್ಯೇಕ ಬ್ಯಾಡ..." ಎಂದಳು.

"ಸಧ್ಯೇಕ ಬ್ಯಾಡ ಅಂದ್ರ? ಈಗ ಯಾವ ಚಿಗರಿ ಐತಿ?"

ಅವಳು ಅಂಗಳ ಗುಡಿಸತೊಡಗಿದಳು. ಸಂಜಯನ ಮುಖ ಸಣ್ಣದಾಯಿತು. "ಗೊತ್ತಾತು ಬಿಡು. ನಮ್ಮ ಮನಿನ ಬ್ಯಾಡಾಗೇತಿ ನಿನಗ. ಚಿಗರಿ ಸುಳ್ಳ ನೆವ ಇತ್ತು" ಎಂದು, ಬರಿಯ ರಿಕ್ಷಾ ತಿರುಗಿಸಿಕೊಂಡು ಹೋದ. ದೀಪಾವಳಿಗೆ ಕರೆಯಲಿಕ್ಕೂ ಬರಲಿಲ್ಲ. ಫಕೀರವ್ವ ಮೆಳೆಯೊಳಗೆ ಕುಳಿತು, ಸಾವಕಾಶಿಯ ಕತ್ತು ನೇವರಿಸುತ್ತ, "ನಿನ್ನ ಸಲುವಾಗಿ ನನ್ನ ಮಗನ್ನ ಕಳಕೊಂಡ್ನಲ್ಲೇ ಕುಂಟೀ" ಎಂದು ಬೈದಳು. ಬೈದು, ಬೈದದ್ದಕ್ಕೆ ಮತ್ತಿಷ್ಟು ಹಿಂಡಿ ತಿನ್ನಿಸಿದಳು.

ಎಳ್ಳಮವಾಸ್ಯೆಯ ಹೊತ್ತಿಗೆ ಶತಮಾನೋತ್ಸವ ಬಂತು. ಅದರ ಮುಂಚೆ ಒಂದು ದಿನ ಸಂಜಯ ತಾನಾಗಿ ಓಡಿ ಬಂದ, ಮುಖ ಅರಳಿತ್ತು. ಗುರುಪುತ್ರಪ್ಪನವರು ಅವನ ಕಾರಖಾನೆಗೇ ಹೇಳಿ ಕಳಿಸಿದ್ದರಂತೆ. ಬಾಗಕ್ಕೆ ದುಡಿದವರಿಗೆ ಸನ್ಮಾನ, ಅದರಲ್ಲಿ ಅವನ ತಾಯಿಯೂ ಒಬ್ಬಳು. "ಸೂಪರ್‌ವಾಯಿಝರ್ ಸೈತ ಕೇಳಿದ್ರವ್ವಾ, ಆ ಕೂಗಿನ ಆಯಿ ನಿಮ್ಮ ತಾಯೇನು ಅಂತ. ನಮ್ಮ ಅತ್ತಿ ಮಾವನೂ ಬರ್ತಾರ. ಮುಂದಿನ ಸಾಲಿನ್ಯಾಗ ಕುಂದ್ರಸ್ತೀನಿ." ಮಗ ತನ್ನ ಬಗ್ಗೆ ಹೆಮ್ಮೆಯಿಂದ ಮಾತಾಡಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಕಣ್ಣೊರೆಸಿಕೊಂಡಳು.

ಆದರೆ ಒಳಗೊಳಗೆ ಅಂಜಿಕೆ. ಹಲಗೆ ಬಾರಿಸುವವರು, ಪಟಾಕಿ, ಮೈಕು, ಸಾವಿರ ಮಂದಿ. ಪಂಪಿನ ಮನೆಯೊಳಗೆ ಕೂಡಿಹಾಕಿ ಬಾಗಿಲು ಹಾಕೋಣವೆಂದ ಗುರುಸಿದ್ದ. ಫಕೀರವ್ವ ಒಪ್ಪಲಿಲ್ಲ. ಕೂಡಿಹಾಕಿದ ಜೀವ ಸಪ್ಪಳಕ್ಕೆ ಗೋಡೆಗೆ ಹಾಯ್ದು ಕುತ್ತಿಗೆ ಮುರಿದುಕೊಳ್ಳುತ್ತದೆ. ಮೆಳೆಯಲ್ಲಿ ಬಿಟ್ಟರೆ ಅಂಜಿದ ಚಿಗರಿ ನೆಲ ಹಿಡಿದು ಮಲಗುತ್ತದೆ, ಕಡ್ಡಿ ಅಲ್ಲಾಡಿಸುವುದಿಲ್ಲ. "ಯಾರೂ ಕರೀಲಿಲ್ಲಂದ್ರ ಅದು ಏಳೂದಿಲ್ಲ ತಮ್ಮಾ. ಕರ್ಯಾಕಿ ನಾ ಒಬ್ಬಾಕಿ" ಎಂದಳು. ಮುಂಜಾನೆಯೇ ಹೋಗಿ, ಹಸಿ ಹುಲ್ಲು ಹಾಸಿ, ಮಲಗಿಸಿ, ಹಣೆ ಮುಟ್ಟಿ ಬಂದಳು.

ಹೌದಿನ ಪಕ್ಕ ಪೆಂಡಾಲು. ಮಾವಿನ ತೋರಣ, ಬಣ್ಣದ ಕಾಗದ, ಹೊಸ ಕಾರಂಜಿ. ದೊಡ್ಡವರು ಉದ್ದುದ್ದ ಭಾಷಣ ಮಾಡಿದರು. ಸತ್ತುಹೋದ ಸಾಹೇಬರನ್ನೆಲ್ಲ ನೆನೆದರು. ಗಿಡಕ್ಕೆ ನೀರು ಹಾಕಿದವರನ್ನು ನೆನೆಯುವ ಹೊತ್ತಿಗೆ ಊಟದ ಹೊತ್ತಾಗಿತ್ತು. ಗುರುಸಿದ್ದನಿಗೆ ಶಾಲು ಹೊದಿಸಿದರು, ಅವನು ಅದನ್ನು ಏನು ಮಾಡಬೇಕೆಂದು ತಿಳಿಯದೆ ಮಡಚಿ ಬಗಲಿಗಿಟ್ಟುಕೊಂಡ. ಆಮೇಲೆ ಫಕೀರವ್ವ. ಶಾಲಿನ ಜೊತೆ ವಡಗಾವಿಯ ಸೀರೆ. ಮುಂದಿನ ಸಾಲಿನಲ್ಲಿ ಬೀಗತಿ ಪದ್ಮವ್ವ ಅದರ ಅಂಚನ್ನು ದೂರದಿಂದಲೇ ಗುರುತು ಹಿಡಿದು ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಶೀತಲಳ ತೊಡೆಯ ಮೇಲೆ ಪೂನಮ ಚಪ್ಪಾಳೆ ತಟ್ಟುತ್ತಿತ್ತು. ಫಕೀರವ್ವ ಕೈಮುಗಿದು ಇಳಿಯಬೇಕೆಂದು ಹೊರಳಿದಳು.

ಗುರುಪುತ್ರಪ್ಪನವರು ಮೈಕು ಹಿಡಿದರು. "ತಡೀರಿ ಫಕೀರವ್ವಾ, ಹಂಗ ಹೋಗಬ್ಯಾಡ್ರಿ. ನಾ ಅಂಗಡ್ಯಾಗ ಕುಂತಾಗ ದಿನಾ ಇವರ ಕೂಗ ಕೇಳಿ ಚಾ ತರಿಸ್ತಿದ್ದೆ. ನನ್ನ ಮಕ್ಕಳು ಆ ಕೂಗಿಗೇ ದೊಡ್ಡವರಾದ್ವು. ಚಿಗರಿ ಇಲ್ಲಾಂದ್ರ ಇಲ್ಲಾ, ಆ ದನಿ ಅರೆ ಈ ಬಾಗದಾಗ ಇನ್ನೊಮ್ಮೆ ಕೇಳಲಿ. ಒಂದ ಸಲಾ ಕೂಗ್ರೆವಾ!"

ಜನ ಹೋ ಎಂದಿತು. ಫಕೀರವ್ವ ಮೆಟ್ಟಿಲ ಕಡೆಗೆ ಸರಿದಳು. "ಒಲ್ಲೆರಿ ಸಾವ್ಕಾರ್ರ. ಗಂಟಲಾ ಕೆಟ್ಟೈತ್ರಿ" ಎಂದಳು. ಜನ ನಕ್ಕಿತು, ನಾಚಿಕೆ ಎಂದುಕೊಂಡಿತು. ಆಗ ಸಂಜಯ ಕುರ್ಚಿಯಿಂದ ಎದ್ದು ವೇದಿಕೆಯ ಬುಡಕ್ಕೆ ಬಂದ. ಅಷ್ಟು ಜನರ ನಡುವೆ ಸಣ್ಣ ಹುಡುಗನಂತೆ ಅವಳ ಸೀರೆಯ ಅಂಚು ಹಿಡಿದು ಹೇಳಿದ: "ಅವ್ವಾ, ಮನಿಗೆ ಬಾ ಅಂದೆ, ಒಲ್ಲೆ ಅಂದಿ. ಇದಕ್ಕರೆ ಹೂಂ ಅನ್ನು. ನನ್ನ ಸಲುವಾಗಿ."

ಮಗನಿಗೆ ಒಮ್ಮೆ ಇಲ್ಲವೆಂದಾಗಿತ್ತು. ಎರಡನೆಯ ಸಲ ಇಲ್ಲವೆನ್ನಲು ಹೆತ್ತ ಬಾಯಿ ಏಳಲಿಲ್ಲ. ನಿಂತಲ್ಲೇ ಅವಳು ಯೋಚಿಸಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆಗ ನೆನಪಾಯಿತು ಅಪ್ಪನ ಇನ್ನೊಂದು ಕೂಗು. ಕರೆಯುವುದಲ್ಲ, ತಿರುಗಿಸುವುದು. ಪೇಟೆಯ ಮಂದಿಗೆ ಆ ಕೂಗಿಗೂ ಈ ಕೂಗಿಗೂ ಏನು ಫರಕು ತಿಳಿದೀತು? ಹಿಂದೆ ಸರಿ ಎಂದು ಕೂಗಿದರೆ ಸಾವಕಾಶಿ ಇನ್ನಷ್ಟು ಒಳಗೆ ಸರಿಯುತ್ತದೆ. ಮಗನ ಮಾತೂ ಉಳಿಯಿತು, ಅದರ ಜೀವವೂ ಉಳಿಯಿತು. ಬುದ್ಧಿಗೆ ಬುದ್ಧಿಯೇ ಅದು. ಕುರಿಗಾರನ ಮಗಳಿಗಲ್ಲದೆ ಬೇರೆಯವರಿಗೆ ಹೊಳೆಯುವಂಥದ್ದಲ್ಲ.

ಮೈಕಿನಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಮೈಕಿನವನು ಜಾಣ, ಅದನ್ನು ಎತ್ತಿ ತಂದು ಬಾಯಿಯ ಮುಂದೆಯೇ ಹಿಡಿದ.

"ಹೈಯಾ... ಹೈ... ಹಿಂದ ಸರಿ... ಹಿಂದ ಸರಿ ನನ ಯವ್ವಾ..."

ಬಾಗದ ನಾಲ್ಕೂ ಮೂಲೆಗೆ ಕಟ್ಟಿದ ಮೈಕಿನ ಕರ್ಣಗಳಿಂದ ದನಿ ಹೊರಟಿತು. ಮರಗಳಿಗೆ ಬಡಿದು, ಹೌದಿನ ನೀರಿನ ಮೇಲೆ ಹಾಯ್ದು, ಬಿದಿರಿನ ಮೆಳೆಯನ್ನೂ ದಾಟಿ ಹೋಯಿತು. ಜನರಿಂದ ಚಪ್ಪಾಳೆಯ ಮಳೆ. ಗುರುಪುತ್ರಪ್ಪನವರು ಕನ್ನಡಕ ತೆಗೆದು ಕಣ್ಣೊರೆಸಿದರು. ಸಂಜಯ ತಲೆಯೆತ್ತಿ ಬೀಗರ ಕಡೆ ನೋಡಿದ. ಫಕೀರವ್ವ ಮೆಳೆಯ ದಿಕ್ಕಿಗೆ ನೋಡಿದಳು. ಎಲೆ ಅಲುಗಿರಲಿಲ್ಲ. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ನಗೆ ಮೂಡಿತು.

ಆಗ ಹಿಂದಿನ ಸಾಲಿನಲ್ಲಿ ಮಕ್ಕಳು ಚೀರಿದವು. "ಚಿಗರಿ! ಏ ಚಿಗರಿ ಬಂತು!"

ಜನ ಎರಡು ಪಾಲಾಗಿ ಸರಿಯಿತು. ನಡುವೆ ಸಾವಕಾಶಿ ಬರುತ್ತಿತ್ತು. ಮರಿಯಿದ್ದಾಗಿನಿಂದ ಎಲ್ಲದಕ್ಕೂ ತಡ ಮಾಡಿದ ಕುಂಟು ಚಿಗರಿ, ಸೊಟ್ಟ ಕಾಲನ್ನು ಎತ್ತಿಕೊಂಡು, ಮೂರೇ ಕಾಲಿನಲ್ಲಿ ಓಡುತ್ತಿತ್ತು. ಕಣ್ಣು ಹೊರಬಿದ್ದಂತಿದ್ದವು. ಎಷ್ಟೋ ಸಂಜೆಗಳಿಂದ ಕೇಳದಿದ್ದ ದನಿ ಕೇಳಿತ್ತಲ್ಲ.

ಕಾರ್ಯಕ್ರಮದ್ದೇ ಒಂದು ಭಾಗವೆಂದು ತಿಳಿದರು ಎಲ್ಲರೂ. ಯಾರನ್ನು ಏನೆನ್ನುವುದು? ಚಪ್ಪಾಳೆ ಎರಡು ಪಟ್ಟಾಯಿತು. ಹಲಗೆಯವರು ಹುರುಪಿಗೆ ಬಂದು ಬಾರಿಸಿದರು. ಕಮಾನಿನ ಹತ್ತಿರ ಯಾರೋ ಕೊನೆಗೆಂದು ಇಟ್ಟಿದ್ದ ಪಟಾಕಿಯ ಸರಕ್ಕೆ ಆಗಲೇ ಬೆಂಕಿ ಹಚ್ಚಿದರು. "ಬಂದ್ ಮಾಡ್ರಿ! ಯಪ್ಪಾ, ಬಂದ್ ಮಾಡ್ರಿ!" ಎಂದು ಫಕೀರವ್ವ ಒದರಿದ್ದು ಆ ಗದ್ದಲದಲ್ಲಿ ಮುಳುಗಿತು. ಚಿಗರಿ ನಿಂತಿತು, ಮೈ ಒಮ್ಮೆ ಸೆಟೆಯಿತು. ಆದರೂ ತಿರುಗಲಿಲ್ಲ. ಅವಳನ್ನು ಕಂಡಿತ್ತು. ಉಳಿದ ಹೆಜ್ಜೆಗಳನ್ನು ಹೇಗೋ ಹಾಕಿ ವೇದಿಕೆಯ ಬುಡಕ್ಕೆ ಬಂದು, ಧುಮುಕಿ ಇಳಿದು ಕುಳಿತ ಅವಳ ತೊಡೆಯ ಮೇಲೆ ಮೂತಿಯಿಟ್ಟು ಕುಸಿಯಿತು. ಸೆರಗನ್ನು ಮೂಗಿನಿಂದ ನೂಕಿತು. ಸೆರಗಿನಲ್ಲಿ ಅಂದು ಏನೂ ಇರಲಿಲ್ಲ, ಸನ್ಮಾನಕ್ಕೆಂದು ಒಗೆದ ಸೀರೆ ಉಟ್ಟಿದ್ದಳು.

ಗುರುಪುತ್ರಪ್ಪನವರು ಓಡಿಬಂದು ಹಲಗೆಯವರ ಕೈ ಹಿಡಿದು ನಿಲ್ಲಿಸುವ ಹೊತ್ತಿಗೆ ಉಸಿರು ನಿಂತಿತ್ತು. ಮೂಗಿನಿಂದ ತೆಳ್ಳಗೆ ರಕ್ತ. ಫಕೀರವ್ವ ಹೊಸ ಶಾಲು ಬಿಚ್ಚಿ ಅದರ ಮೇಲೆ ಹೊದಿಸಿದಳು. ಅಳಲಿಲ್ಲ. "ಹಿಂದ ಸರಿ ಅಂದ್ನೆಲ್ಲೇ... ಹಿಂದ ಸರಿ ಅಂದ್ರ ಬಂದೆಲ್ಲೇ..." ಎಂದು ಅಷ್ಟನ್ನೇ ಅನ್ನುತ್ತಿದ್ದಳು. ಆಮೇಲೆ ಪಕ್ಕಕ್ಕೆ ನಿಂತಿದ್ದ ಗುರುಸಿದ್ದನ ಮುಖ ನೋಡಿ, "ಇದಕ್ಕ ಆ ಕೂಗ ನಾ ಕಲಿಸಿದ್ದಿಲ್ಲ ತಮ್ಮಾ. ನನ್ನ ದನಿ ಅಷ್ಟ ಗೊತ್ತಿತ್ತು" ಎಂದಳು.

ಸಂಜಯ ಮೊಣಕಾಲೂರಿ ಕುಳಿತಿದ್ದ. "ಅವ್ವಾ, ಇದು ಎಲ್ಲಿತ್ತು? ಎಲ್ಲಾ ಹೋಗಿದ್ವಲ್ಲ?"

"ನಿನ್ನ ಮನಿಗೆ ಯಾಕ ಬರ್ಲಿಲ್ಲ ಅಂತ ಕೇಳತಿದ್ದೆಲ್ಲಪಾ," ಎಂದಳು ಫಕೀರವ್ವ. "ಇದರ ಸಲುವಾಗಿ ಬರ್ಲಿಲ್ಲ."

ಮಗ ಅವಳ ಹೆಗಲ ಮೇಲೆ ತಲೆಯಿಟ್ಟು ಹೋ ಎಂದು ಅತ್ತ. ಅಷ್ಟು ಜನರ ಮುಂದೆ, ಅತ್ತೆ ಮಾವಂದಿರ ಮುಂದೆ, ನಾಚದೆ ಅತ್ತ. ಪದ್ಮವ್ವ ಎದ್ದುಬಂದು ಬೀಗತಿಯ ಬೆನ್ನ ಮೇಲೆ ಕೈಯಿಟ್ಟಳು. ಮೆಳೆಯ ಹತ್ತಿರ ಗುರುಸಿದ್ದನೇ ಕುಣಿ ತೋಡಿದ. ಮಣ್ಣು ಹಾಕಿ ಆದ ಮೇಲೆ ಫಕೀರವ್ವ ಕೋಣೆಗೆ ಹೋಗಿ ಒಂದು ಗಂಟು ಕಟ್ಟಿಕೊಂಡು ಬಂದಳು. "ನಡಿ ಸಂಜ್ಯಾ, ಹೋಗೂಣು. ಇನ್ನ ಇಲ್ಲೇನೈತಿ" ಎಂದಳು.

ಈಗ ಅವಳು ಮಚ್ಛೆಯಲ್ಲಿದ್ದಾಳೆ. ಶೀತಲ ಒಳ್ಳೆಯ ಸೊಸೆ, ಹೊಸ ಕೌದಿಯ ಕೋಣೆ ಹಾಗೇ ಇದೆ. ಸಂಜೆಯಾದರೆ ಓಣಿಯ ಹೆಂಗಸರೆಲ್ಲ ಹೊಸ್ತಿಲಲ್ಲಿ ನಿಂತು ಆಡುವ ಮಕ್ಕಳನ್ನು ಹೆಸರು ಹಿಡಿದು ಕೂಗುತ್ತಾರೆ. ಫಕೀರವ್ವ ಮಾತ್ರ ಕೂಗುವುದಿಲ್ಲ. ಪೂನಮ ಓಣಿಯ ಆ ತುದಿಯಲ್ಲಿದ್ದರೂ ಮೊಣಕಾಲು ಹಿಡಿದುಕೊಂಡು ಅಲ್ಲಿಯವರೆಗೆ ನಡೆದು ಹೋಗುತ್ತಾಳೆ, ಭುಜ ಮುಟ್ಟುತ್ತಾಳೆ, ಕೈಹಿಡಿದು ಕರೆತರುತ್ತಾಳೆ.

ಒಂದು ಸಂಜೆ ಕೂಸು ಆಡುತ್ತ ಆಡುತ್ತ ಖಾನಾಪುರ ರಸ್ತೆಯ ಆಚೆ ಬದಿಗೆ ಹೋಗಿತ್ತು. ನಡುವೆ ಲಾರಿಗಳು ಹಾಯುತ್ತಿದ್ದವು. ಫಕೀರವ್ವ ಬರಿಗಾಲಲ್ಲಿ ಓಡಿ, ಲಾರಿಗಳ ನಡುವೆ ನುಗ್ಗಿ ರಸ್ತೆ ದಾಟಿ, ಅದನ್ನು ಎತ್ತಿಕೊಂಡು ಬಂದಳು. ಏದುಸಿರು ಬಿಡುತ್ತಿದ್ದಳು. ಶೀತಲ ಗಾಬರಿಯಿಂದ ಬೈದಳು: "ಜೀವ ಕಳಕೋತಿದ್ರೆಲ್ಲರಿ ಅತ್ತಿ! ಈ ಕಡೆ ನಿಂತ ಒಂದ ಸಲಾ ಕೂಗಿ ನಿಲ್ಲು ಅಂದಿದ್ರ ಆಗ್ತಿತ್ತಿಲ್ಲೋ?"

ಫಕೀರವ್ವ ಮೊಮ್ಮಗಳನ್ನು ಎದೆಗೆ ಒತ್ತಿಕೊಂಡೇ ಇದ್ದಳು.

"ನಿಲ್ಲು ಅಂದ್ರೂ ಬರತಿತ್ತವಾ," ಎಂದಳು. "ನನ್ನ ದನಿ ಗೊತ್ತೈತಿ ಅದಕ್ಕ."